ಇಬಿ ಗ್ಯಾರಮಂಡ್ ಇಟಾಲಿಕ್: ದ್ವಿಭಾಷಾ ಪುಟಕ್ಕೆ ಒಪ್ಪುವ ಓರೆ ಅಕ್ಷರ

ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಪುಟದಲ್ಲಿ ಜೋಡಿಸುವವರು ಇಂಗ್ಲಿಷಿನ ಇಟಾಲಿಕ್ ಅಕ್ಷರವನ್ನು ಹೆಚ್ಚು ಗಮನವಿಟ್ಟು ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಕೆಲಸಕ್ಕೆ ಉಚಿತವಾಗಿ ದೊರೆಯುವ ಫಾಂಟ್‌ಗಳ ಪೈಕಿ ನಾನು ಮೊದಲು ಸೂಚಿಸುವುದು ಇಬಿ ಗ್ಯಾರಮಂಡ್‌ನ ಇಟಾಲಿಕ್ ಅನ್ನು.

ಇದನ್ನು ರೂಪಿಸಿದವರು ಗೇಯಾರ್ಗ್ ಡುಫ್ನರ್. ದಪ್ಪ ರೂಪಗಳನ್ನು ಸೇರಿಸಿ ವಿಸ್ತರಿಸಿದವರು ಒಕ್ಟಾವಿಯೊ ಪಾರ್ಡೊ. ಹೆಸರಿನಲ್ಲಿರುವ ‘ಇಬಿ’ ಎಂಬುದು ಎಗೆನೊಲ್ಫ್ ಮತ್ತು ಬರ್ನರ್ ಎಂಬ ಹೆಸರುಗಳ ಮೊದಲಕ್ಷರ. 1592ರಲ್ಲಿ ಫ್ರಾಂಕ್‌ಫರ್ಟಿನ ಆ ಹೆಸರುಗಳ ಅಚ್ಚುಮೊಳೆ ಎರಕದ ಮನೆ ಹೊರಡಿಸಿದ ಮಾದರಿ ಹಾಳೆಯೇ ಈ ಫಾಂಟಿಗೆ ಮೂಲ. ಆ ಹಾಳೆಯಲ್ಲಿನ ನೇರ ಅಕ್ಷರಗಳು ಹದಿನಾರನೇ ಶತಮಾನದ ಫ್ರೆಂಚ್ ಅಚ್ಚುಮೊಳೆ ಕೊರೆಯುವವ ಕ್ಲೋಡ್ ಗ್ಯಾರಮಂಡ್‌ನವು, ಇಟಾಲಿಕ್ ಅಕ್ಷರಗಳು ಅದೇ ಕಸುಬಿನ ರೊಬೇರ್ ಗ್ರಾಂಜೋನ್‌ನವು. ಹಾಗಾಗಿ ಹೆಸರು ಗ್ಯಾರಮಂಡ್‌ನದಾದರೂ ಇಲ್ಲಿ ನಾವು ಮೆಚ್ಚುವ ಬಳುಕು ಗ್ರಾಂಜೋನ್‌ನ ಕೈಯದು. ಆ ಕುಶಲಕರ್ಮಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲವೆಂದೇ ನನಗನ್ನಿಸುತ್ತದೆ.

ನೇರ ಅಕ್ಷರವನ್ನು ತಂತ್ರಾಂಶದಿಂದ ಬಲಕ್ಕೆ ವಾಲಿಸಿದ ಮಾತ್ರಕ್ಕೆ ಇಟಾಲಿಕ್ ಆಗುವುದಿಲ್ಲ ಎಂಬುದು ಈ ಫಾಂಟನ್ನು ದೊಡ್ಡದು ಮಾಡಿ ನೋಡಿದಾಗ ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ಸಣ್ಣ ‘ಎ’ (a) ಅಕ್ಷರವು ಮೇಲಿನ ಕೊಕ್ಕೆಯನ್ನು ಕಳಚಿ, ಕೈಬರಹದಲ್ಲಿ ಬರೆಯುವಂತೆ ಒಂದೇ ಸುತ್ತಿನ ರೂಪ ತಾಳುತ್ತದೆ. ‘ಎಫ್’ (f) ಅಕ್ಷರಗಳು ಕೂರುವ ತಳಗೆರೆಯನ್ನು ದಾಟಿ ಕೆಳಗಿಳಿಯುತ್ತದೆ. ‘ಮತ್ತು’ ಎಂಬರ್ಥದ ಆಂಪರ್ಸಾಂಡ್ ಚಿಹ್ನೆಯಂತೂ ಒಂದೇ ಎಳೆಯ ರಂಗೋಲಿಯಂತಿದೆ; ಪುಸ್ತಕದ ಮುಖಪುಟದಲ್ಲಿ ಇಬ್ಬರು ಸಂಪಾದಕರ ಹೆಸರುಗಳ ನಡುವೆ ಅದನ್ನು ಇರಿಸಿದರೆ ಬೇರೆ ಅಲಂಕಾರವೇ ಬೇಡ. ಓಪನ್‌ಟೈಪ್ ಸೌಲಭ್ಯವಿರುವ, ಅಂದರೆ ಫಾಂಟಿನೊಳಗಿನ ಬದಲಿ ಅಕ್ಷರರೂಪಗಳನ್ನು ಆರಿಸಲು ಬಿಡುವ ತಂತ್ರಾಂಶದಲ್ಲಿ ಬಾಲ ಚಾಚಿದ ದೊಡ್ಡಕ್ಷರಗಳೂ ಸಿಗುತ್ತವೆ. ಅವುಗಳನ್ನು ಪದದ ಮೊದಲಿಗೆ ಮಾತ್ರ ಬಳಸಬೇಕು, ಇಡೀ ಪದವನ್ನು ಅವುಗಳಲ್ಲೇ ಜೋಡಿಸಿದರೆ ಓದಲಾಗದು.

ಕನ್ನಡದ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಸಂಶೋಧಕರಿಗೆ ಇನ್ನೊಂದು ಅನುಕೂಲವಿದೆ. ದೀರ್ಘಸ್ವರದ ಮೇಲಿನ ಅಡ್ಡಗೆರೆ ಮತ್ತು ಟ, ಡ, ಣಗಳನ್ನು ಸೂಚಿಸುವ ಕೆಳಚುಕ್ಕೆ ಇಟಾಲಿಕ್‌ನಲ್ಲೂ ಅಕ್ಷರದೊಂದಿಗೆ ಹೊಂದಿಕೊಂಡೇ ಮೂಡುತ್ತವೆ.

ಕೊರತೆಗಳೂ ಇವೆ. ಸಣ್ಣಕ್ಷರಗಳ ಎತ್ತರ ಕಡಿಮೆಯಾದ್ದರಿಂದ ಅದೇ ಪಾಯಿಂಟ್ ಗಾತ್ರದ ಕನ್ನಡದ ಪಕ್ಕದಲ್ಲಿ ಇದು ತೀರಾ ಕುಗ್ಗಿದಂತೆ ಕಾಣುತ್ತದೆ. ಕನ್ನಡ 11 ಪಾಯಿಂಟ್ ಇದ್ದರೆ ಇದನ್ನು 13ರ ಆಸುಪಾಸಿಗೆ ಏರಿಸಿ, ಸಾಲುಗಳ ಅಂತರವನ್ನು ಒತ್ತಕ್ಷರಗಳಿಗೆ ಬೇಕಾದಷ್ಟು ಇಟ್ಟುಕೊಳ್ಳುವುದು ಲೇಸು. ಗೂಗಲ್ ಫಾಂಟ್ಸ್‌ನಲ್ಲಿರುವ ಆವೃತ್ತಿಯಲ್ಲಿ ಚಿಕ್ಕ ಗಾತ್ರಕ್ಕೆಂದೇ ಕೊರೆದ ರೂಪವಿಲ್ಲ. ಅಡಿಟಿಪ್ಪಣಿಗಳಲ್ಲಿ ತೆಳುಗೆರೆಗಳು ಅಗ್ಗದ ಕಾಗದದ ಮೇಲೆ ಮಾಸಿಹೋಗುವುದರಿಂದ ಅಲ್ಲಿ ಮೀಡಿಯಂ ತೂಕವನ್ನು, ಅಂದರೆ ಸಾಮಾನ್ಯಕ್ಕಿಂತ ತುಸು ದಪ್ಪಗೆರೆಯ ರೂಪವನ್ನು ಆರಿಸಬೇಕು. ದಪ್ಪ ಇಟಾಲಿಕ್‌ನಲ್ಲಿ ಮೂಲದ ಲಾಲಿತ್ಯ ಉಳಿದಿಲ್ಲ, ನಾನದನ್ನು ಬಳಸುವುದಿಲ್ಲ.

ಇಂಗ್ಲಿಷ್ ಓರೆಯಾಗಿದೆಯೆಂದು ಪಕ್ಕದ ಕನ್ನಡವನ್ನೂ ವಾಲಿಸುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಬೇಕು. ತಲೆಕಟ್ಟು ವಾಲಿದಾಗ ಕೆಳಗಿನ ಒತ್ತಕ್ಷರ ತನ್ನ ಅಕ್ಷರದಿಂದ ಎಡಕ್ಕೆ ಸರಿದಂತಾಗಿ, ಅದು ಯಾವ ಅಕ್ಷರದ್ದೆಂದು ಕಣ್ಣು ಹುಡುಕಬೇಕಾಗುತ್ತದೆ. ಕನ್ನಡದಲ್ಲಿ ಒತ್ತು ಕೊಡಬೇಕಾದಲ್ಲಿ ಉದ್ಧರಣ ಚಿಹ್ನೆಯೋ ಒಂದು ಹಂತ ದಪ್ಪನೆಯ ಅಕ್ಷರವೋ ಸಾಕು.