ಸೈಕಲ್ಲಿನ ಕ್ವಿಕ್ ರಿಲೀಸ್ ಲಿವರನ್ನು ನಟ್ಟಿನ ಹಾಗೆ ತಿರುಗಿಸಬೇಡಿ: ಕರಿಘಟ್ಟದಲ್ಲಿ ನಮಗಾದದ್ದು

ಮುಂದಿನ ಚಕ್ರ ಬಿಚ್ಚಿ ಕಾರಿನಲ್ಲಿ ಸೈಕಲ್ ಸಾಗಿಸುವವರು ದಯವಿಟ್ಟು ಇದನ್ನು ಓದಿ. ಕ್ವಿಕ್ ರಿಲೀಸ್ ಅಂದರೆ ಪಾನಾ ಇಲ್ಲದೆ ಕೈಯಲ್ಲೇ ಚಕ್ರ ಬಿಚ್ಚಿ ಹಾಕಲು ಚಕ್ರದ ನಡುವೆ ಇರುವ ಸಣ್ಣ ಲಿವರ್. ಸ್ವಲ್ಪ ಉದ್ದ ಇದೆ, ಆದರೂ ಓದಿ. ಮೂರು ತಿಂಗಳ ಹಿಂದೆ ಕರಿಘಟ್ಟದ ಇಳಿಜಾರಿನಲ್ಲಿ ನನ್ನ ಹೆಂಡತಿಯ ತಮ್ಮನ ಸೈಕಲ್ಲಿನ ಮುಂದಿನ ಚಕ್ರ ಓಡುತ್ತಿರುವಾಗಲೇ ಕಳಚಿತು. ಆ ಚಕ್ರವನ್ನು ಅವತ್ತು ಬೆಳಿಗ್ಗೆ ಕೂರಿಸಿದ್ದು ನಾನು.

ನಾವು ನಾಲ್ಕು ಜನ ಸ್ನೇಹಿತರು. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯವರು. ಐದು ವರ್ಷದಿಂದ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೇವೆ. ಚಾಮುಂಡಿ ಬೆಟ್ಟವನ್ನು ಎಷ್ಟು ಸಲ ಹತ್ತಿ ಇಳಿದಿದ್ದೇವೋ ಲೆಕ್ಕವಿಲ್ಲ. ಬೆಟ್ಟ ಬೇಜಾರಾದರೆ ವರುಣಾ ನಾಲೆ ಪಕ್ಕದ ಮಣ್ಣು ದಾರಿ. ಎಲ್ಲಿಗೇ ಹೋದರೂ ಮನೆಯಿಂದಲೇ ತುಳಿದುಕೊಂಡು ಹೋಗಿ, ತುಳಿದುಕೊಂಡೇ ವಾಪಸ್. ಹಾಗಾಗಿ ಚಕ್ರ ಬಿಚ್ಚುವ ಪ್ರಸಂಗ ನನಗೆ ಬಂದೇ ಇರಲಿಲ್ಲ. ಪಂಕ್ಚರ್ ಆದರೆ ಅಂಗಡಿಗೆ ತಳ್ಳಿಕೊಂಡು ಹೋಗುತ್ತಿದ್ದೆ, ಅವರೇ ಬಿಚ್ಚಿ ಅವರೇ ಹಾಕಿ ಕೊಡುತ್ತಿದ್ದರು. ಐದು ವರ್ಷ ತುಳಿದವನಿಗೆ ಸೈಕಲ್ ಬಗ್ಗೆ ಎಲ್ಲ ಗೊತ್ತಿರುತ್ತದೆ ಅಂತ ಬೇರೆಯವರು ನಂಬಿದ್ದರು. ನಾನೂ ನಂಬಿದ್ದೆ.

ಭಾಮೈದ ಮಂಡ್ಯದವನು. ವಯಸ್ಸು 22. ಕೆಲಸ ಸಿಕ್ಕಿ ಮೈಸೂರಿಗೆ ಬಂದ ಮೇಲೆ ಸಂಬಳದಲ್ಲಿ ಉಳಿಸಿ ಒಂದು ಗೇರ್ ಸೈಕಲ್ ತೆಗೆದುಕೊಂಡ. ಡಿಸ್ಕ್ ಬ್ರೇಕ್, ಮುಂದೆ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿಯುವ ಕವಲು), ದಪ್ಪ ಟೈರು. "ಭಾವ, ನನ್ನನ್ನೂ ಮಣ್ಣು ದಾರಿಗೆ ಕರ್ಕೊಂಡು ಹೋಗಿ" ಅಂತ ಒಂದು ತಿಂಗಳಿಂದ ಕೇಳುತ್ತಿದ್ದ.

ಮೊದಲ ಸಲ ಅಲ್ವಾ, ಹತ್ತಿರದಲ್ಲೇ ಇರುವ ಸಣ್ಣ ಬೆಟ್ಟ ಇರಲಿ ಅಂತ ಕರಿಘಟ್ಟ ಆರಿಸಿದೆವು. ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. ಮೇಲೆ ಶ್ರೀನಿವಾಸನ ದೇವಸ್ಥಾನ, ಅಲ್ಲಿಯವರೆಗೂ ಟಾರು ರಸ್ತೆ. ಅಲ್ಲಿಗೆ ತುಳಿದುಕೊಂಡೇ ಹೋಗಬಹುದಿತ್ತು. ಆದರೆ ಬೆಂಗಳೂರು ಹೆದ್ದಾರಿಯ ಮುಖ್ಯ ಲೇನಿನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳನ್ನೇ ಬಿಡುವುದಿಲ್ಲ, ಇನ್ನು ಸೈಕಲ್ಲಿನ ಮಾತು ಎಲ್ಲಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ನುಗ್ಗುವ ಗಾಡಿಗಳ ಕಾಟ. ಹುಡುಗನನ್ನು ಅದರಲ್ಲಿ ಕರೆದುಕೊಂಡು ಹೋಗುವುದು ಬೇಡ ಅನ್ನಿಸಿತು. ಎರಡು ಕಾರು ಮಾಡಿ, ಹಿಂದಿನ ಸೀಟು ಮಡಚಿ, ಸೈಕಲ್‌ಗಳ ಮುಂದಿನ ಚಕ್ರ ಬಿಚ್ಚಿ ತುಂಬಿಕೊಂಡೆವು. ಹುಷಾರಾಗಿರಲಿ ಅಂತ ಮಾಡಿದ್ದೇ ಮುಳುವಾಯಿತು.

ಬೆಟ್ಟದ ಬುಡ ಮುಟ್ಟಿದಾಗ ಆರೂ ಮುಕ್ಕಾಲು. ಬಿಸಿಲೇರುವ ಮೊದಲು ಇಳಿದು, ಪಟ್ಟಣದಲ್ಲಿ ಇಡ್ಲಿ ತಿಂದು ಮನೆ ಸೇರಬೇಕು ಅಂತ ಎಲ್ಲರಿಗೂ ಅವಸರ. ಉಳಿದ ಮೂವರು ಅವರವರ ಚಕ್ರ ಹಾಕಿಕೊಂಡರು. ನನ್ನದನ್ನು ಅವರಲ್ಲೇ ಒಬ್ಬ ಹಾಕಿಕೊಟ್ಟ. ಅಷ್ಟರಲ್ಲಿ ನಾನು ಭಾಮೈದನ ಸೈಕಲ್ಲಿಗೆ ಕೈ ಹಾಕಿದ್ದೆ.

ನಾನು ಮಾಡಿದ್ದು ಇಷ್ಟು. ಚಕ್ರವನ್ನು ಫೋರ್ಕಿನ ಸಂದಿಗೆ ಸೇರಿಸಿದೆ. ಒಂದು ಕಡೆ ಸಣ್ಣ ನಟ್ಟು, ಇನ್ನೊಂದು ಕಡೆ ಬೆರಳುದ್ದದ ಬಾಗಿದ ಲಿವರ್. ಲಿವರ್ ಹಿಡಿದು, ನಲ್ಲಿ ತಿರುಗಿಸುವ ಹಾಗೆ ಬಲಕ್ಕೆ ಸುತ್ತುತ್ತಾ ಹೋದೆ. ಬಿಗಿಯಾಯಿತು. ಇನ್ನೊಂದು ಅರ್ಧ ಸುತ್ತು ಹಾಕಿದೆ, ಇನ್ನೂ ಬಿಗಿಯಾಯಿತು. ಕೈ ಒರೆಸಿಕೊಂಡೆ.

"ಭಾವ, ಚಕ್ರ ಸರಿಯಾಗಿ ಕೂತಿದ್ಯಾ?"

"ಕೂತಿದೆ ಕಣೋ, ನಡಿ."

ಹತ್ತುವಾಗ ಏನೂ ಆಗಲಿಲ್ಲ. ಏರಿನಲ್ಲಿ ವೇಗ ಇರುವುದಿಲ್ಲ, ಮುಂದಿನ ಬ್ರೇಕ್ ಮುಟ್ಟುವುದಿಲ್ಲ. ಸೈಕಲ್ಲಿನ ಭಾರವೇ ಫೋರ್ಕನ್ನು ಚಕ್ರದ ಮೇಲೆ ಒತ್ತಿ ಹಿಡಿದಿರುತ್ತದೆ. ಸಾಲದ್ದಕ್ಕೆ ಈಗಿನ ಫೋರ್ಕುಗಳ ತುದಿಯಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಲಿವರ್ ಸಡಿಲವಾದರೂ ಚಕ್ರ ಥಟ್ಟನೆ ಬೀಳದಿರಲಿ ಅಂತ ಇಟ್ಟಿರುವ ತಡೆ ಅದು. ಅದರಿಂದಾಗಿ ಸಡಿಲ ಚಕ್ರ ಕೂಡ ಟಾರು ರಸ್ತೆಯಲ್ಲಿ ಸರಿಯಾಗಿರುವ ಹಾಗೇ ನಡೆಯುತ್ತದೆ. ಮೇಲೆ ಕೈಮುಗಿದು, ಕೆಳಗೆ ಲೋಕಪಾವನಿ ಬಂದು ಕಾವೇರಿ ಸೇರುವುದನ್ನು ನೋಡಿಕೊಂಡು ಹತ್ತು ನಿಮಿಷ ಕೂತೆವು. ಅವನು ಅಕ್ಕನಿಗೆ ಫೋಟೊ ಕಳಿಸಿದ.

ಇಳಿಯುವಾಗ ಸ್ವಲ್ಪ ದೂರ ಟಾರು, ಆಮೇಲೆ ಪಕ್ಕದ ಮಣ್ಣು ದಾರಿಗೆ ತಿರುಗಿದೆವು. ಮಳೆ ನಿಂತು ಹೆಚ್ಚು ದಿನ ಆಗಿರಲಿಲ್ಲ. ದಾರಿಯಲ್ಲಿ ನೀರು ಹರಿದು ಕೊರಕಲು ಬಿದ್ದಿತ್ತು. ಅವನು ನನ್ನ ಮುಂದೆ, ಇಪ್ಪತ್ತು ಅಡಿ ದೂರದಲ್ಲಿದ್ದ. ಬ್ರೇಕ್ ಹಿಡಿದು ಬಿಡುತ್ತಾ ಚೆನ್ನಾಗಿಯೇ ಇಳಿಯುತ್ತಿದ್ದ. ಒಂದು ಕೊರಕಲು ದಾಟಲು ಹ್ಯಾಂಡಲ್ ಸ್ವಲ್ಪ ಮೇಲಕ್ಕೆತ್ತಿದ. ಹ್ಯಾಂಡಲ್ ಮೇಲೆ ಬಂತು, ಚಕ್ರ ಬರಲಿಲ್ಲ. ಅದು ಒಂದು ಗಳಿಗೆ ಅವನ ಮುಂದೆ ತನ್ನ ಪಾಡಿಗೆ ಉರುಳಿದ್ದನ್ನು ನಾನು ನೋಡಿದೆ. ಮರುಗಳಿಗೆ ಬರೀ ಫೋರ್ಕಿನ ಎರಡು ತುದಿ ನೆಲಕ್ಕೆ ನಾಟಿದವು, ಅವನು ಹ್ಯಾಂಡಲ್ ಮೇಲಿಂದ ಹಾರಿ ಎಡಭುಜ ಮತ್ತು ತಲೆ ಊರಿ ಬಿದ್ದ. ಚಕ್ರ ಲಂಟಾನ ಪೊದೆಗೆ ಹೋಗಿ ಸಿಕ್ಕಿಕೊಂಡಿತು.

ಓಡಿಹೋಗಿ ಅವನನ್ನು ಎತ್ತಿ ಕೂರಿಸಲು ಹೋದೆ. ಇನ್ನೊಬ್ಬ ಹೆಲ್ಮೆಟ್ ಬಿಚ್ಚಲು ಕೈ ಹಾಕಿದ. ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗಿಕೊಂಡು ಬಂದರು. "ಏಳುಸ್ಬ್ಯಾಡಿ ಕಣ್ರಪ್ಪ! ಮದ್ಲು ಕೈ ಕಾಲು ಆಡುಸ್ತಾನಾ ನೋಡಿ!" ಅವರು ಹೇಳಿದ ಮೇಲೆ ನಮಗೆ ಪ್ರಜ್ಞೆ ಬಂತು. ಕುತ್ತಿಗೆಗೆ ಪೆಟ್ಟಾಗಿದ್ದರೆ ಎಳೆದಾಡಿದ್ದರಿಂದಲೇ ಹುಡುಗನ ಗತಿ ಏನಾಗುತ್ತಿತ್ತೋ. ಮಲಗಿದಲ್ಲೇ ಬಿಟ್ಟು ಮಾತಾಡಿಸಿದೆವು. ಬೆರಳು ಆಡಿಸಿದ, ಕಾಲು ಆಡಿಸಿದ, ಕುತ್ತಿಗೆ ನೋವಿಲ್ಲ ಅಂದ. 108ಕ್ಕೆ ಫೋನ್ ಮಾಡಿದೆವು. ಆ ಹಿರಿಯರು ಹೆಗಲ ಮೇಲಿದ್ದ ಟವೆಲ್ ತೆಗೆದು ಅವನ ಕೈಯನ್ನು ಎದೆಗೆ ಆನಿಸಿ ಕೊರಳಿಗೆ ಕಟ್ಟಿದರು. ಆ ಟವೆಲ್ ಇನ್ನೂ ನಮ್ಮ ಮನೆಯಲ್ಲಿದೆ. ವಾಪಸ್ ಕೊಡಲು ಎರಡು ಸಲ ಹೋಗಿದ್ದೆ, ಅವರು ಸಿಗಲಿಲ್ಲ.

ಎಡಗಡೆ ಕಾಲರ್ ಬೋನ್ ಮುರಿದಿತ್ತು. ಗಲ್ಲಕ್ಕೆ ಐದು ಹೊಲಿಗೆ. ಆಪರೇಷನ್ ಬೇಡ, ಆರು ವಾರ ಕೈ ಕಟ್ಟಿಕೊಂಡಿರಬೇಕು ಅಂದರು ಡಾಕ್ಟರ್. ಹೆಲ್ಮೆಟ್ ಒಳಗಿನ ಥರ್ಮಾಕೋಲಿನಂಥ ಪದರ ಎಡಕಿವಿಯ ಮೇಲೆ ಅಡ್ಡಕ್ಕೆ ಸೀಳಿತ್ತು. ಆ ಪೆಟ್ಟು ತಲೆಗೇ ಬಿದ್ದಿದ್ದರೆ ಅನ್ನುವುದನ್ನು ನಾನು ಪೂರ್ತಿ ಯೋಚಿಸಲು ಆಗುವುದಿಲ್ಲ. (ಅಂಥ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ. ಆ ಪದರ ಒಂದೇ ಪೆಟ್ಟಿಗೆ ಮಾಡಿದ್ದು.) ಮಂಡ್ಯದಿಂದ ಅತ್ತೆ ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮಗನ ಪಕ್ಕ ಕೂತು ಬಲಗೈ ಸವರುತ್ತಿದ್ದರು. ಸೈಕಲ್ಲಿನ ಚಕ್ರ ಹಾಕಿದ್ದು ನಾನೇ ಅಂತ ಅವರಿಗೆ ನಾನೇ ಹೇಳಿದೆ.

ಅಲ್ಲಿಯವರೆಗೂ ನನಗೆ ಸೈಕಲ್ ಮೇಲೇ ಅನುಮಾನ. ಕಳಪೆ ಮಾಲು ಕೊಟ್ಟಿದ್ದಾರೆ, ಅಂಗಡಿಯವರನ್ನು ಕೇಳಬೇಕು ಅಂದುಕೊಂಡಿದ್ದೆ. ನಾಲ್ಕನೆಯ ದಿನ ಸೈಕಲನ್ನೂ ಚಕ್ರವನ್ನೂ ನಮ್ಮ ಬೀದಿಯ ಹಳೇ ಮೆಕ್ಯಾನಿಕ್ ಹತ್ತಿರ ಹೊತ್ತುಕೊಂಡು ಹೋದೆ. ಅವರು ಲಿವರ್ ನೋಡಿ, "ಹೆಂಗೆ ಹಾಕಿದ್ರಿ, ತೋರ್ಸಿ" ಅಂದರು. ತೋರಿಸಿದೆ. "ಇದು ನಟ್ಟಲ್ಲ ಸಾರ್. ಟಿಫಿನ್ ಕ್ಯಾರಿಯರ್ ಕ್ಲಿಪ್ ಇದ್ದಂಗೆ. ತಿರುಗ್ಸೋದಲ್ಲ, ಮಡಚೋದು."

ಟಿಫಿನ್ ಕ್ಯಾರಿಯರ್ ಪಕ್ಕದ ಕ್ಲಿಪ್ಪನ್ನು ಒತ್ತಿ ಮಡಚಿದಾಗ ಮೇಲಿನ ಮುಚ್ಚಳ ಹೇಗೆ ಕಚ್ಚಿಕೊಳ್ಳುತ್ತದೆ? ಇದೂ ಹಾಗೇ. ಲಿವರ್ ಬುಡದೊಳಗೆ ಒಂದು ಮೊಟ್ಟೆಯಾಕಾರದ ತುಂಡು ಇದೆ. ಲಿವರನ್ನು ಆ ಬದಿಯಿಂದ ಈ ಬದಿಗೆ ಮಡಚಿದಾಗ ಅದು ಒಳಗಿನ ಕಂಬಿಯನ್ನು ಎಳೆದು, ಫೋರ್ಕಿನ ಎರಡು ಕಾಲನ್ನೂ ಚಕ್ರದ ಆಕ್ಸಲ್ ಮೇಲೆ ಅದುಮಿ ಹಿಡಿಯುತ್ತದೆ. ಸುಮ್ನೆ ಸುತ್ತಿದರೆ ಕೈಗೆ ಬಿಗಿ ಅನ್ನಿಸುತ್ತದೆ, ಆದರೆ ಆ ಅದುಮು ಇರುವುದೇ ಇಲ್ಲ. ಕುಲುಕಾಟಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಸೈಕಲ್ಲಿನಲ್ಲಿ ಅಪಾಯ ಇನ್ನೂ ಜಾಸ್ತಿ. ಬ್ರೇಕ್ ಡಿಸ್ಕನ್ನು ಹಿಡಿಯುವುದು ಫೋರ್ಕಿನ ಹಿಂಬದಿಯಲ್ಲಿ. ಹಿಡಿದಾಗಲೆಲ್ಲ ಆ ಬಲ ಆಕ್ಸಲನ್ನು ಸಂದಿಯಿಂದ ಕೆಳಕ್ಕೆ ನೂಕುತ್ತದೆ. ಹುಡುಗ ಇಳಿಜಾರಿನಲ್ಲಿ ಹುಷಾರಾಗಿ ಬ್ರೇಕ್ ಹಿಡಿದಷ್ಟೂ ಚಕ್ರ ಹೊರಗೆ ಜಾರುತ್ತಿತ್ತು.

ಲಿವರಿನ ಮೇಲೆ ಒಂದು ಬದಿ ‘ಓಪನ್’, ಇನ್ನೊಂದು ಬದಿ ‘ಕ್ಲೋಸ್’ ಅಂತ ಬರೆದಿತ್ತು. ಉಬ್ಬಿದ ಅಕ್ಷರ. ಐದು ವರ್ಷದಲ್ಲಿ ನಾನು ಅದನ್ನು ಓದಿರಲಿಲ್ಲ. ಸೈಕಲ್ ಮಾರಿದವರೂ ಅವನಿಗೆ ಗೇರ್ ಹಾಕುವುದು ತೋರಿಸಿದ್ದರು, ಇದನ್ನು ತೋರಿಸಿರಲಿಲ್ಲ. ನಿಮ್ಮ ಅಂಗಡಿಯವರು ತೋರಿಸದಿದ್ದರೆ ಕೇಳಿ, ಅವರೆದುರೇ ನಾಲ್ಕು ಸಲ ಬಿಚ್ಚಿ ಹಾಕಿ ನೋಡಿ.

ಮೆಕ್ಯಾನಿಕ್ ನನಗೆ ಕಲಿಸಿದ್ದನ್ನು ಹಾಗೇ ಬರೆಯುತ್ತೇನೆ. ಸೈಕಲನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಚಕ್ರ ಎರಡೂ ಕಡೆ ಸಂದಿಯ ಮೇಲ್ತುದಿಗೆ ತಾಗುವ ಹಾಗೆ ಕೂರಿಸಿ. ಲಿವರನ್ನು ಓಪನ್ ಬದಿಗೆ ಇಟ್ಟು, ಎದುರಿನ ನಟ್ಟನ್ನು ಮಾತ್ರ ಕೈಯಲ್ಲಿ ಸುತ್ತುತ್ತಾ ಬನ್ನಿ. ಆಗಾಗ ಲಿವರ್ ಮಡಚಿ ನೋಡಿ. ಅರ್ಧ ದಾರಿಗೆ ಬಂದಾಗ, ಅಂದರೆ ಲಿವರ್ ಚಕ್ರದಿಂದ ನೇರ ಹೊರಕ್ಕೆ ಚಾಚಿಕೊಂಡಿರುವಾಗ, ಬಿಗಿ ಶುರುವಾಗಬೇಕು. ಅಲ್ಲಿಂದ ಮುಂದೆ ಬೆರಳಿಗೆ ಬಗ್ಗಬಾರದು, ಅಂಗೈ ಬುಡ ಕೊಟ್ಟು ಅದುಮಬೇಕು. ಮುಚ್ಚಿದ ಮೇಲೆ ಅಂಗೈಯಲ್ಲಿ ಲಿವರಿನ ಅಚ್ಚು ಬಿದ್ದಿರಬೇಕು. ಅಚ್ಚು ಬೀಳದಷ್ಟು ಸುಲಭವಾಗಿ ಮುಚ್ಚಿದರೆ ಅದು ಸಡಿಲ. ನಟ್ಟನ್ನು ಇನ್ನು ಸ್ವಲ್ಪ ಸುತ್ತಿ ಮತ್ತೆ ಮುಚ್ಚಿ. ಮುಚ್ಚಿದಾಗ ‘ಕ್ಲೋಸ್’ ಅನ್ನುವ ಅಕ್ಷರ ಹೊರಗೆ ಕಾಣಬೇಕು. ಲಿವರ್ ಮುಂದಕ್ಕೆ ಚಾಚಿರುವುದು ಬೇಡ, ಪೊದೆಯ ಕಡ್ಡಿ ಸಿಕ್ಕಿ ತೆರೆದುಕೊಳ್ಳಬಹುದು. ಮೇಲಕ್ಕೋ ಹಿಂದಕ್ಕೋ ಇರಲಿ. ಆಮೇಲೆ ಸೈಕಲ್ಲಿನ ಮುಂಭಾಗ ಎತ್ತಿ ಹಿಡಿದು, ಚಕ್ರದ ಮೇಲೆ ಮುಷ್ಟಿಯಿಂದ ಎರಡು ಸಲ ಜೋರಾಗಿ ಗುದ್ದಿ. ನಾನು ಅವತ್ತು ಈ ಕೊನೆಯದೊಂದನ್ನು ಮಾಡಿದ್ದರೂ ಸಾಕಿತ್ತು.

ಹೊಸ ದುಬಾರಿ ಸೈಕಲ್‌ಗಳಲ್ಲಿ ಈ ಲಿವರ್ ಬದಲು ಥ್ರೂ ಆಕ್ಸಲ್ ಬಂದಿದೆ. ಫೋರ್ಕಿನಲ್ಲಿ ಸಂದಿ ಇಲ್ಲ, ತೂತು. ದಪ್ಪ ಕಂಬಿ ಆ ತೂತಿನಲ್ಲಿ ತೂರಿ ಸ್ಕ್ರೂ ಹಾಗೆ ತಿರುಗಿ ಕೂರುತ್ತದೆ, ಚಕ್ರ ಕೆಳಗೆ ಜಾರುವ ಹಾಗಿಲ್ಲ. ಆದರೆ ನಮ್ಮಂಥವರ ಸೈಕಲ್‌ಗಳಲ್ಲಿ ಜಾಸ್ತಿ ಇರುವುದು ಹಳೇ ಲಿವರೇ.

ಇದರ ಬಗ್ಗೆ ಓದುತ್ತಾ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್‌ಗಳನ್ನು ರಿಪೇರಿಗೆಂದು ವಾಪಸ್ ಕರೆದಿತ್ತು, ಕಾರಣ ಇದೇ ಲಿವರ್. ತಪ್ಪಾಗಿ ಹಾಕಿದಾಗ ಅಥವಾ ತೆರೆದುಕೊಂಡಾಗ ಅದು ಪೂರ್ತಿ ಹಿಂದಕ್ಕೆ ಬಿದ್ದು, ತಿರುಗುತ್ತಿರುವ ಡಿಸ್ಕಿಗೆ ಸಿಕ್ಕಿಕೊಳ್ಳುವ ಸಾಧ್ಯತೆ ಇತ್ತು. ಸಿಕ್ಕಿದರೆ ಚಕ್ರ ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ, ಇಲ್ಲವೇ ಕಳಚುತ್ತದೆ. ಹೀಗಾಗಿ ಬಿದ್ದ ಒಬ್ಬರ ಕೈಕಾಲು ಎರಡೂ ಸ್ವಾಧೀನ ತಪ್ಪಿದವು. ಆಗ ಹೇಳಿದ ಪರೀಕ್ಷೆ ತುಂಬಾ ಸುಲಭ. ಲಿವರನ್ನು ಪೂರ್ತಿ ತೆರೆದು ಹಿಡಿದಾಗ, ಲಿವರಿಗೂ ಡಿಸ್ಕಿಗೂ ನಡುವೆ ಒಂದು ಪೆನ್ಸಿಲ್ ತೂರಬೇಕು. ತೂರದಿದ್ದರೆ ಆ ಲಿವರ್ ಬಳಸಬಾರದು.

ಭಾಮೈದನ ಕೈ ಈಗ ವಾಸಿಯಾಗಿದೆ. ಕಳೆದ ವಾರ ಅವನೇ ನನ್ನ ಮಗಳ ಪೆನ್ಸಿಲ್ ತಂದು ಎರಡೂ ಸೈಕಲ್ ನೋಡಿದ. ಅವನದರಲ್ಲಿ ಪೆನ್ಸಿಲ್ ತೂರಿತು. ನಾನು ಐದು ವರ್ಷದಿಂದ ಚಾಮುಂಡಿ ಬೆಟ್ಟ ಇಳಿಯುತ್ತಿರುವ ನನ್ನ ಸೈಕಲ್ಲಿನಲ್ಲಿ ತೂರಲಿಲ್ಲ. ಹೊಸ ಲಿವರ್ ಹಾಕಿಸಿದ್ದೇನೆ. ನಿಮ್ಮದನ್ನೂ ಈ ಭಾನುವಾರ ಹೊರಡುವ ಮೊದಲೇ ನೋಡಿಕೊಳ್ಳಿ.