ಮನೆಪಾಠಕ್ಕೆ ತರಿಸಿದ ಬೈಬಲ್ ಕಿಟ್: ಚಾರ್ಟ್ ಚೆನ್ನ, ಪಾಠ ಸಾಲದು

ನಮ್ಮ ಮಕ್ಕಳಿಗೆ ಮನೆಯಲ್ಲೇ ಪಾಠ. ಮಗಳಿಗೆ 9, ಮಗನಿಗೆ 6. ಜೂನ್‌ನಲ್ಲಿ 36 ವಾರಗಳ ಇಂಗ್ಲಿಷ್ ಬೈಬಲ್ ಕಿಟ್ ತರಿಸಿದೆ, 5,400 ರೂಪಾಯಿ.

ಗೋಡೆಗೆ ಅಂಟಿಸುವ ಚಾರ್ಟ್ ತುಂಬಾ ಇಷ್ಟವಾಯಿತು. ಅಬ್ರಹಾಮ, ಮೋಶೆ, ದಾವೀದ, ಯಾರಾದ ಮೇಲೆ ಯಾರು ಅಂತ ಮಗನೂ ಹೇಳುತ್ತಾನೆ. ಆದರೆ ಪಾಠದ ಹಾಳೆಗಳಲ್ಲಿ ಬರೀ ಬಿಟ್ಟ ಸ್ಥಳ ತುಂಬುವುದು. ಯೇಸು ದೋಣಿಯಲ್ಲಿದ್ದಾಗ ಬಿರುಗಾಳಿ ಅಡಗಿಸಿದ ಕಥೆ ಓದಿದ ದಿನ ಮಗಳು, "ಅಮ್ಮಾ, ಅಷ್ಟು ಗಾಳಿಯಲ್ಲಿ ಯೇಸು ಹೇಗೆ ನಿದ್ದೆ ಮಾಡಿದ್ರು?" ಅಂತ ಕೇಳಿದಳು. ಎಂಥ ಪ್ರಶ್ನೆ ಅಲ್ವಾ! ಹಾಳೆ ಕೇಳಿದ್ದು ದೋಣಿ ಎಲ್ಲಿತ್ತು ಅಂತ ಮಾತ್ರ. ಬೈಬಲ್ ವಾಕ್ಯಗಳೂ ಇಂಗ್ಲಿಷಿನಲ್ಲಿ. ಭಾನುವಾರ ಚರ್ಚ್ ಸಭೆಯಲ್ಲಿ ಅಜ್ಜಿ ಪಕ್ಕ ಕೂತಾಗ ಅದೇ ವಾಕ್ಯ ಕನ್ನಡದಲ್ಲಿ ಬಂದರೆ ಮಕ್ಕಳಿಗೆ ಗುರುತೇ ಸಿಗುತ್ತಿರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದೇ.

ಈಗ ಕನ್ನಡ ಬೈಬಲ್ಲಾದ ಸತ್ಯವೇದದಿಂದಲೇ ಮಾರ್ಕನ ಸುವಾರ್ತೆ ಓದುತ್ತಿದ್ದೇವೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ವಾರಕ್ಕೊಂದರಂತೆ ನಾಲ್ಕು ತಿಂಗಳು. ಮಗಳು ಓದುತ್ತಾಳೆ, ಮಗ ಚಿತ್ರ ಬರೆದು ಕಥೆ ತಿರುಗಿ ಹೇಳುತ್ತಾನೆ. ಹಳೆಯ ಕನ್ನಡ ಕಷ್ಟವಾದ ಕಡೆ ನಾನು ಬಿಡಿಸಿ ಹೇಳುತ್ತೇನೆ.

ಕಿಟ್ ಕೊಳ್ಳುವವರು ಮೊದಲು ಒಂದು ಮಾದರಿ ಪಾಠ ಕೇಳಿ ತರಿಸಿಕೊಳ್ಳಿ. ಮಕ್ಕಳ ಜೊತೆ ಕೂತು ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.