ಬಾಯಿ ಹೋದರೆ ಒಂದು, ಕಿವಿ ಹೋದರೆ ಇನ್ನೊಂದು: ಸಿಮ್ಯುಲೇಟರ್‌ನಲ್ಲಿ ರೇಡಿಯೊ ಕೈಕೊಟ್ಟಾಗ

ನನ್ನ ಹೆಡ್‌ಸೆಟ್‌ನ ವೈರು ಒಳಗೆಲ್ಲೋ ತುಂಡಾಗಿದೆ. ತಲೆಯನ್ನು ಎಡಕ್ಕೆ ಹೊರಳಿಸಿದರೆ ಮೈಕ್ ಸಾಯುತ್ತದೆ, ಬಲಕ್ಕೆ ಹೊರಳಿಸಿದರೆ ಮತ್ತೆ ಜೀವ ಬರುತ್ತದೆ. ಹೊಸದನ್ನು ಕೊಳ್ಳಲು ಜಿಪುಣತನ. ಹಾಗಾಗಿ ರೇಡಿಯೊ ಹೋದಾಗ ಯಾವ ದಾರಿ ಒಳ್ಳೆಯದೆಂದು ಒಂದು ಮಳೆಗಾಲವಿಡೀ ಪರೀಕ್ಷಿಸಿದೆ. ಹೆಚ್ಚಿನ ಹಾರಾಟ ವ್ಯಾಟ್‌ಸಿಮ್ ಜಾಲದಲ್ಲಿ (ಮನೆಯ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವವರು ಇಂಟರ್ನೆಟ್‌ನಲ್ಲಿ ಒಂದಾಗುವ ಜಾಗ), ಬೆಂಗಳೂರಿನಿಂದ ಮಂಗಳೂರಿಗೆ. ಅಲ್ಲಿ ವಾಯು ಸಂಚಾರ ನಿಯಂತ್ರಕರ ಕುರ್ಚಿಯಲ್ಲಿ ಕೂರುವವರೂ ನಮ್ಮಂತೆ ಸಂಬಳವಿಲ್ಲದ ಹವ್ಯಾಸಿಗಳೇ.

ಮೊದಲು ಎಲ್ಲರಿಗೂ ನೆನಪಾಗುವುದು ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ‘ರೇಡಿಯೊ ಕೆಟ್ಟಿದೆ’ ಎಂಬ ಸಂಕೇತ 7600 ಹಾಕಿ, ಬಾಯಿ ಮುಚ್ಚಿಕೊಂಡು ನಿಯಮದಂತೆ ಹಾರುವ ದಾರಿ. ಇದನ್ನು ಬೇಕೆಂದೇ ಅಭಿನಯಿಸುವುದಾದರೆ ನಿಯಂತ್ರಕರನ್ನು ಮೊದಲೇ ಕೇಳಬೇಕು. ಅವರು ಬೇಡವೆಂದರೆ ಆಟ ನಿಲ್ಲಿಸಬೇಕು, ಇಲ್ಲವೇ ಜಾಲದಿಂದ ಹೊರಬೀಳಬೇಕು. ಹೀಗಾಗಿ ನಾನು ಇದನ್ನು ಹೆಚ್ಚಾಗಿ ಆಫ್‌ಲೈನ್‌ನಲ್ಲೇ ಮಾಡಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಮೋಡದೊಳಗಿದ್ದು ರಾಡಾರ್ ಕಣ್ಣಿನಲ್ಲಿದ್ದರೆ ಕೊನೆಯದಾಗಿ ಕೊಟ್ಟ ಎತ್ತರ ಮತ್ತು ವೇಗದಲ್ಲೇ 7 ನಿಮಿಷ ಸಾಗಬೇಕು, ಆಮೇಲೆ ಹಾರಾಟ ಯೋಜನೆಯಲ್ಲಿ ಬರೆದ ಎತ್ತರಕ್ಕೆ ಹೋಗಬೇಕು. ನನಗೆ 14,000 ಅಡಿ ಸಿಕ್ಕಿತ್ತು, ಯೋಜನೆಯಲ್ಲಿ ಬರೆದದ್ದು 24,000. ಅಡುಗೆಮನೆಯ ಟೈಮರ್ ತಂದಿಟ್ಟುಕೊಂಡು 7 ನಿಮಿಷ ಕಾದು ಏರತೊಡಗಿದೆ. ಏರಿ ಮುಗಿಯುವ ಹೊತ್ತಿಗೆ, ಎಂದಿನ ಹಾರಾಟವಾಗಿದ್ದರೆ ಇಳಿಯಲು ಶುರುಮಾಡಬೇಕಾದ ಜಾಗವೇ ದಾಟಿಹೋಗಿತ್ತು! ಆದರೆ ನಿಯಮ ಹೇಳುವುದು ಬೇರೆ: ನಿಲ್ದಾಣದ ರೇಡಿಯೊ ದಿಕ್ಸೂಚಕ ಕೇಂದ್ರದ ಮೇಲೆ ಹೋಗಿ, ಅಂದಾಜಿಸಿದ ತಲುಪುವ ಹೊತ್ತಿಗೆ ಆದಷ್ಟು ಹತ್ತಿರವಾಗಿ ಇಳಿಯತೊಡಗಿ, ಸಾಧ್ಯವಾದರೆ ಅಲ್ಲಿಂದ 30 ನಿಮಿಷದೊಳಗೆ ನೆಲ ಮುಟ್ಟಿ. ಮಂಗಳೂರಿನ ಅಂಥ ಕೇಂದ್ರವಾದ ವಿಒಆರ್ ಮೇಲೆ ಗಾಣದೆತ್ತಿನಂತೆ ಸುತ್ತುತ್ತಾ ಇಳಿದೆ. ಕಾಫಿ ಆರಿತು. ಗುಡ್ಡದ ನೆತ್ತಿಯ ಆ ರನ್‌ವೇ ಮೋಡದಿಂದ ಹೊರಬಂದಾಗ ಆದ ಖುಷಿಯನ್ನು ಮಾತ್ರ ಬೇರೆ ಯಾವ ದಾರಿಯೂ ಕೊಡಲಿಲ್ಲ.

ಅಮೆರಿಕದ ನಿಯಮದಲ್ಲಿ ಈ 7 ನಿಮಿಷದ ಲೆಕ್ಕವಿಲ್ಲ. ಕೊಟ್ಟ ಎತ್ತರ, ಮುಂದೆ ಸಿಗಬಹುದೆಂದು ಹೇಳಿದ ಎತ್ತರ, ಆ ದಾರಿಯ ಕನಿಷ್ಠ ಎತ್ತರ, ಈ ಮೂರರಲ್ಲಿ ಯಾವುದು ಹೆಚ್ಚೋ ಅದು. ಸಿಯಾಟಲ್‌ನಿಂದ ಪೋರ್ಟ್‌ಲ್ಯಾಂಡ್‌ಗೆ ಹಾಗೆ ಹಾರಿದಾಗ ತಲೆನೋವು ಕಡಿಮೆ. ಕಲಿಯುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಎರಡನೆಯ ದಾರಿ ಟೈಪ್ ಮಾಡುವುದು. ಜಾಲದಲ್ಲಿ ಇದಕ್ಕೆ ಪೂರ್ಣ ಮಾನ್ಯತೆ ಇದೆ. ಹಾರಾಟ ಯೋಜನೆಯ ಟಿಪ್ಪಣಿಯಲ್ಲಿ ‘/ಟಿ/’ ಎಂದು ಬರೆದರೆ ನೀವು ಬರಹದಲ್ಲೇ ಮಾತಾಡುವವರೆಂದು ನಿಯಂತ್ರಕರಿಗೆ ತಿಳಿಯುತ್ತದೆ. ಎತ್ತರದ ನೆಮ್ಮದಿಯ ಹಾರಾಟದಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ, ತಪ್ಪು ಕೇಳಿಸಿಕೊಳ್ಳುವ ಭಯವೇ ಇಲ್ಲ. ಇಳಿಯುವಾಗ ಮಾತ್ರ ಬೇಡ. ಒಂದು ಕೈ ಜಾಯ್‌ಸ್ಟಿಕ್ ಮೇಲೆ, ಇನ್ನೊಂದು ಕೈ ಕೀಬೋರ್ಡ್ ಮೇಲೆ ಇಟ್ಟುಕೊಂಡು ನಿಯಂತ್ರಕರು ಕೊಟ್ಟ ದಿಕ್ಕಿನ ಅಂಕಿಯನ್ನು ಮರಳಿ ಟೈಪ್ ಮಾಡುವಷ್ಟರಲ್ಲಿ ನಾನು ರನ್‌ವೇಯ ನೇರವನ್ನು ದಾಟಿ ಆಚೆ ಹೋಗಿದ್ದೆ.

ನನ್ನ ಮೆಚ್ಚಿನದು ಮೂರನೆಯದು. ಇದನ್ನು ಬಳಸುವವರು ಕಡಿಮೆ ಎಂಬುದೇ ಬೇಸರ. ಮೈಕ್ ಮಾತ್ರ ಸತ್ತು ಕಿವಿ ಕೆಲಸ ಮಾಡುತ್ತಿದ್ದರೆ, ‘ಕೇಳಿಸುತ್ತಿದ್ದರೆ ಐಡೆಂಟ್ ಒತ್ತಿ’ ಎಂದು ನಿಯಂತ್ರಕರು ಹೇಳುತ್ತಾರೆ. ಟ್ರಾನ್ಸ್‌ಪಾಂಡರ್‌ನ ಆ ಗುಂಡಿ ಒತ್ತಿದರೆ ಅವರ ಪರದೆಯಲ್ಲಿ ನಮ್ಮ ವಿಮಾನದ ಗುರುತು ಎದ್ದು ಕಾಣುತ್ತದೆ. ಅಲ್ಲಿಂದ ಮುಂದೆ ಅವರ ಮಾತು, ನನ್ನ ಗುಂಡಿ. ಕೈ ಜಾಯ್‌ಸ್ಟಿಕ್ ಬಿಡಬೇಕಾಗಿಲ್ಲ. ಟಿಪ್ಪಣಿಯಲ್ಲಿ ‘/ಆರ್/’ (ಕೇಳಬಲ್ಲೆ, ಮಾತಾಡಲಾರೆ) ಎಂದು ಮೊದಲೇ ಬರೆದಿದ್ದರೆ ಇನ್ನೂ ಸಲೀಸು. ಗುಂಡಿ ‘ಹೌದು’ ಎನ್ನಬಲ್ಲದು, ‘ಆಗುವುದಿಲ್ಲ’ ಎನ್ನಲಾರದು. ಅಂಥ ಕಡೆ ಒಂದು ಸಾಲು ಟೈಪ್ ಮಾಡಿದರಾಯಿತು.

ಇಂಟರ್ನೆಟ್ಟೇ ಹೋದರೆ? ನಿಜವಾದ ವಿಮಾನದಲ್ಲಿ ರೇಡಿಯೊ ಸತ್ತರೂ ರಾಡಾರ್‌ನಲ್ಲಿ ವಿಮಾನ ಕಾಣುತ್ತಲೇ ಇರುತ್ತದೆ. 7600ಕ್ಕೆ ಅರ್ಥ ಬರುವುದು ಅದರಿಂದಲೇ. ನಮ್ಮಲ್ಲಿ ದನಿ, ವಿಮಾನದ ಗುರುತು ಎರಡೂ ಒಂದೇ ತಂತಿಯಲ್ಲಿ ಹೋಗುತ್ತವೆ. ಗುಡುಗು ಬಂದು ರೂಟರ್ ಆರಿತೆಂದರೆ ನಾವು ಅವರ ಆಕಾಶದಿಂದಲೇ ಮಾಯ. ಮರಳಿ ಸೇರುವುದೊಂದೇ ದಾರಿ, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಗೋಪುರದಿಂದ ದೀಪ ತೋರಿಸುವ ಹಳೆಯ ಪದ್ಧತಿಯನ್ನೂ ಬಿಡಲಿಲ್ಲ. ತಮ್ಮನ ಕೈಗೆ ಹಸಿರು ಮತ್ತು ಕೆಂಪು ಗ್ಲಾಸ್ ಪೇಪರ್ ಕಟ್ಟಿದ ಟಾರ್ಚ್‌ಗಳನ್ನು ಕೊಟ್ಟು ಬಾಗಿಲ ಬಳಿ ನಿಲ್ಲಿಸಿದೆ. ಬಿಡದೆ ಉರಿಯುವ ಹಸಿರು ಎಂದರೆ ಇಳಿಯಬಹುದು. ಮಿನುಗುವ ಹಸಿರು ಎಂದರೆ ಇಳಿಯಲು ಮರಳಿ ಬಾ, ಅನುಮತಿ ಆಮೇಲೆ. ಬಿಡದೆ ಉರಿಯುವ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು. ಅವನು ತೋರಿಸಿದ್ದು ಸರಿಯಾದ ಹಸಿರನ್ನೇ, ಆದರೆ ಬ್ಯಾಟರಿ ಹಳೆಯದು, ಬೆಳಕು ಮಿನುಗಿತು. ನಾನು ಇಳಿಯದೆ ಇನ್ನೊಂದು ಸುತ್ತು ಹೊಡೆದೆ. ‘ಅಣ್ಣಾ, ಇಳಿ ಅಂತಲೇ ತೋರಿಸಿದೆನಲ್ಲ!’ ಎಂದು ಅವನು ಕೂಗಿಕೊಂಡ. ರೇಡಿಯೊ ಹೋಗಿದೆ, ನನಗೆ ಕೇಳಿಸುವುದಿಲ್ಲ ಎಂದೆ.